ಹೆಡ್‌ಫೋನಿಗೊಂದು ವರ್ಧಕ

ಬೆಟ್ಟದ ಎತ್ತರವನ್ನು ಹೇಳುವಾಗ ಸಮುದ್ರಮಟ್ಟದಿಂದ ಇಷ್ಟು ಮೀಟರು ಎನ್ನುತ್ತೇವೆ. ವಿದ್ಯುತ್ತಿನ ವಿಷಯವೂ ಹೀಗೆಯೇ. ವಿದ್ಯುನ್ಮಂಡಲದ ಯಾವುದೇ ಬಿಂದುವಿನ ವೋಲ್ಟೇಜನ್ನು ಹೇಳಬೇಕಾದರೆ ಶೂನ್ಯವೆಂದು ಎಣಿಸಿದ ಇನ್ನೊಂದು ಬಿಂದು ಬೇಕು. ಅದಕ್ಕೆ ‘ಗ್ರೌಂಡ್’ ಎಂದು ಹೆಸರು. ಈ ಶೂನ್ಯಮಟ್ಟವನ್ನು ಒದಗಿಸುವುದು ವಿದ್ಯುತ್ ಪೂರೈಕೆಯ ಕೆಲಸ. ಹೆಡ್‌ಫೋನಿಗಾಗಿ ವರ್ಧಕವೊಂದನ್ನು ಸ್ವಂತ ಕೈಯಿಂದ ಕಟ್ಟಹೊರಡುವ ವಿದ್ಯಾರ್ಥಿಗಳು ವರ್ಧಿಸುವ ಭಾಗಕ್ಕೆ ಗಮನವನ್ನೆಲ್ಲ ಕೊಟ್ಟು ಪೂರೈಕೆಯನ್ನು ಕಡೆಗಣಿಸುವುದುಂಟು. ಆದರೆ ಉಪಕರಣದ ಸೋಲುಗೆಲುವು ಬಹುಮಟ್ಟಿಗೆ ಅಲ್ಲಿಯೇ ಅಡಗಿದೆ.

ವರ್ಧಕವೇಕೆ ಬೇಕು?

ಅನೇಕ ಹೆಡ್‌ಫೋನುಗಳು ಕೇವಲ 1 ಮಿಲಿವಾಟ್ ಸಾಮರ್ಥ್ಯದಿಂದ 100 ಡೆಸಿಬೆಲ್ ಆಸುಪಾಸಿನ ಶಬ್ದವನ್ನು ಹೊರಡಿಸುತ್ತವೆ. ಆ 1 ಮಿಲಿವಾಟನ್ನು ಪಡೆಯಲು 32 ಓಮ್ ರೋಧದ ಹೆಡ್‌ಫೋನಿಗೆ 0.18 ವೋಲ್ಟ್ ಸಾಕು. ಆದರೆ ಪ್ರವಾಹ 5.6 ಮಿಲಿಆಂಪಿಯರ್ ಬೇಕು. 300 ಓಮ್ ರೋಧದ್ದಕ್ಕೆ 1.8 ಮಿಲಿಆಂಪಿಯರ್ ಸಾಕು. ವೋಲ್ಟೇಜು ಮಾತ್ರ 0.55 ಆಗಬೇಕು. ಸಂಗೀತದಲ್ಲಿ ಮೃದಂಗದ ಒಂದು ಪೆಟ್ಟು ಸರಾಸರಿ ಮಟ್ಟಕ್ಕಿಂತ ಎಷ್ಟೋ ಪಾಲು ಮೇಲಕ್ಕೆ ಚಿಮ್ಮುತ್ತದೆ. ಕಿಸೆಯಲ್ಲಿಡುವ ಸಣ್ಣ ಉಪಕರಣಗಳಿಗೆ ಇದನ್ನು ತಾಳುವ ಶಕ್ತಿ ಯಾವಾಗಲೂ ಇರುವುದಿಲ್ಲ. ಆಗ ವರ್ಧಕದ ನೆರವು ಬೇಕಾಗುತ್ತದೆ.

ಒಂದು ಪ್ರಸಿದ್ಧ ರಚನೆ

ಚು ಮೋಯ್ ಎಂಬುವರು 1998ರಲ್ಲಿ ಪ್ರಕಟಿಸಿದ ಸರಳ ವರ್ಧಕ ‘ಸಿಮೋಯ್’ ಎಂಬ ಹೆಸರಿನಿಂದ ಹವ್ಯಾಸಿಗಳಲ್ಲಿ ಮನೆಮಾತಾಯಿತು. ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಅದನ್ನು ಕೂಡಿಸುವುದು ಒಂದು ವಾಡಿಕೆಯೇ ಆಗಿಹೋಯಿತು. ಅದರ ಹೃದಯ ಒಪಿಎ 2134ನಂಥ ಆಪ್‌ಆಂಪ್. ಇದರ ಒಂದೇ ಚಿಪ್ಪಿನಲ್ಲಿ ಎಡಬಲ ಕಿವಿಗಳಿಗೆ ಒಂದೊಂದರಂತೆ ಎರಡು ವರ್ಧಕಗಳಿರುತ್ತವೆ. ಬಂದ ಸಂಕೇತ 0.1 ಮೈಕ್ರೊಫ್ಯಾರಡ್ ಧಾರಕವನ್ನು ಹಾದು ಒಳಸೇರುತ್ತದೆ. ಅಲ್ಲಿಂದ ಗ್ರೌಂಡಿಗೆ 1,00,000 ಓಮ್ ರೋಧಕವಿದೆ. ಸುಮಾರು 16 ಹರ್ಟ್ಸ್‌ಗಿಂತ ಕೆಳಗಿನ ಕಂಪನಗಳನ್ನು ಈ ಜೋಡಿ ತಡೆಯುತ್ತದೆ. ಮರುಪೂರಣದ 10,000 ಮತ್ತು 1,000 ಓಮ್ ರೋಧಕಗಳು ವರ್ಧನೆಯನ್ನು 11 ಪಟ್ಟಿಗೆ ನಿಲ್ಲಿಸುತ್ತವೆ.

ನಡುಬಿಂದುವಿನ ಸಮಸ್ಯೆ

ಧ್ವನಿಯ ಸಂಕೇತ ಶೂನ್ಯದ ಮೇಲಕ್ಕೂ ಕೆಳಕ್ಕೂ ತೂಗಾಡುವ ಪರ್ಯಾಯ ವಿದ್ಯುತ್ತು. 9 ವೋಲ್ಟ್ ಬ್ಯಾಟರಿಗಾದರೋ ಎರಡೇ ತುದಿಗಳು. ಹಾಗಾದರೆ ಶೂನ್ಯಕ್ಕಿಂತ ಕೆಳಗಿನ ಮಟ್ಟವನ್ನು ಎಲ್ಲಿಂದ ತರಬೇಕು? ಉಪಾಯ ಸುಲಭ. ತಲಾ 4,700 ಓಮ್‌ಗಳ ಎರಡು ರೋಧಕಗಳನ್ನು ಸರಣಿಯಲ್ಲಿ ಬ್ಯಾಟರಿಗೆ ಜೋಡಿಸಿ, ಅವುಗಳ ನಡುಬಿಂದುವನ್ನೇ ಶೂನ್ಯವೆಂದು ಕರೆದರಾಯಿತು. ಆಗ ಒಂದು ತುದಿ +4.5, ಇನ್ನೊಂದು ತುದಿ -4.5 ವೋಲ್ಟ್ ಆಗುತ್ತದೆ.

ಆದರೆ ಈ ಶೂನ್ಯ ಗಟ್ಟಿಯಾದುದೆ? ಹೆಡ್‌ಫೋನಿನಿಂದ ಮರಳುವ ಪ್ರವಾಹವೆಲ್ಲ ಇದೇ ಬಿಂದುವಿಗೆ ಬರಬೇಕು. ಅದಕ್ಕೆ ಎದುರಾಗುವ ರೋಧ 4,700 ಓಮ್‌ಗಳ ಅರ್ಧ, ಅಂದರೆ 2,350 ಓಮ್. ಧ್ವನಿಯ ಪ್ರವಾಹಕ್ಕೆ ಬೇರೆ ದಾರಿ ಉಂಟು. ರೋಧಕಗಳ ಪಕ್ಕದಲ್ಲಿರುವ ತಲಾ 220 ಮೈಕ್ರೊಫ್ಯಾರಡ್‌ಗಳ ಎರಡು ಧಾರಕಗಳು ಒಟ್ಟಾಗಿ 1,000 ಹರ್ಟ್ಸ್ ಸ್ವರಕ್ಕೆ 0.4 ಓಮ್‌ಗಿಂತ ಕಡಿಮೆ ತಡೆಯನ್ನೂ 20 ಹರ್ಟ್ಸ್ ಮಂದ್ರಸ್ವರಕ್ಕೆ ಸುಮಾರು 18 ಓಮ್ ತಡೆಯನ್ನೂ ಒಡ್ಡುತ್ತವೆ. ಏಕಮುಖ ಪ್ರವಾಹವನ್ನಾದರೋ ಧಾರಕಗಳು ಬಿಡುವುದೇ ಇಲ್ಲ.

ಇಲ್ಲಿಯೇ ಅಪಾಯವಿರುವುದು. ಆಪ್‌ಆಂಪಿನ ಹೊರದಾರಿಯಲ್ಲಿ ಕೇವಲ 20 ಮಿಲಿವೋಲ್ಟ್ ಏಕಮುಖ ವೋಲ್ಟೇಜು ಉಳಿದಿದೆ ಎಂದುಕೊಳ್ಳೋಣ. 32 ಓಮ್ ರೋಧದ ಎರಡು ಕಿವಿಗಳಲ್ಲಿ ಅದು ಹರಿಸುವ ಪ್ರವಾಹ ಒಟ್ಟು 1.25 ಮಿಲಿಆಂಪಿಯರ್. ಇದನ್ನು 2,350ರಿಂದ ಗುಣಿಸಿದರೆ ಸುಮಾರು 2.9 ವೋಲ್ಟ್ ಬರುತ್ತದೆ. ನಮ್ಮ ‘ಸಮುದ್ರಮಟ್ಟ’ ಅಷ್ಟು ಸರಿದುಬಿಟ್ಟಿತು! ಒಂದು ಕಡೆ 4.5 ವೋಲ್ಟ್ ಇದ್ದ ಅವಕಾಶ 1.6ಕ್ಕೆ ಇಳಿಯಿತು. ಸಣ್ಣ ಧ್ವನಿ ಶುದ್ಧವಾಗಿಯೇ ಕೇಳಿಸೀತು. ದೊಡ್ಡ ಧ್ವನಿಯ ಶಿಖರಗಳು ಮಾತ್ರ ಕತ್ತರಿಸಿದಂತಾಗಿ ಕರ್ಕಶವಾಗುತ್ತವೆ.

ಆಪ್‌ಆಂಪಿನ ಆಯ್ಕೆ ಏಕೆ ಮುಖ್ಯವೆಂಬುದು ಈಗ ತಿಳಿಯುತ್ತದೆ. ಎನ್‌ಇ 5532 ಉತ್ತಮ ಆಪ್‌ಆಂಪೇ. ಆದರೆ ಅದರ ಒಳದಾರಿ ಎಳೆದುಕೊಳ್ಳುವ ಸುಮಾರು 200 ನ್ಯಾನೊಆಂಪಿಯರ್ ಪ್ರವಾಹ 1,00,000 ಓಮ್ ರೋಧಕದಲ್ಲಿ 20 ಮಿಲಿವೋಲ್ಟ್ ಆಗಿ, 11 ಪಟ್ಟು ಬೆಳೆದು 220 ಮಿಲಿವೋಲ್ಟ್ ಆದೀತು. ಒಪಿಎ 2134ರ ಒಳದಾರಿಯಲ್ಲಿ ಎಫ್‌ಇಟಿಗಳಿರುವುದರಿಂದ ಈ ಪ್ರವಾಹ ಗಣನೆಗೆ ಬಾರದಷ್ಟು ಅಲ್ಪ.

ಪರಿಹಾರಗಳು

ಎಲ್ಲಕ್ಕಿಂತ ಗಟ್ಟಿಯಾದ ಪರಿಹಾರ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿಟ್ಟು ಅವು ಕೂಡುವ ಸ್ಥಳವನ್ನೇ ಗ್ರೌಂಡ್ ಮಾಡುವುದು. ಆಗ ಮರಳುವ ಪ್ರವಾಹಕ್ಕೆ ಕೆಲವೇ ಓಮ್‌ಗಳ ದಾರಿ ಸಿಗುತ್ತದೆ. ಎರಡೂ ಬ್ಯಾಟರಿಗಳನ್ನು ಒಟ್ಟಿಗೆ ಕಡಿಯುವ ಜೋಡಿ ಸ್ವಿಚ್ಚನ್ನೇ ಹಾಕಬೇಕು. ಒಂದೇ ಬ್ಯಾಟರಿ ಉಳಿದರೆ ಹೆಡ್‌ಫೋನಿಗೆ ಏಕಮುಖ ವೋಲ್ಟೇಜು ನುಗ್ಗಬಹುದು. ಒಂದೇ ಬ್ಯಾಟರಿ ಬೇಕೆನ್ನುವವರಿಗೆ ಟಿಎಲ್‌ಇ 2426 ಎಂಬ ಪುಟ್ಟ ಸಾಧನವುಂಟು. ಸುಮಾರು 20 ಮಿಲಿಆಂಪಿಯರ್‌ವರೆಗೆ ಅದು ನಡುಬಿಂದುವನ್ನು ಅಲುಗದಂತೆ ಹಿಡಿದಿಡುತ್ತದೆ.

ಮನೆಯ 230 ವೋಲ್ಟ್ ವಿದ್ಯುತ್ತಿನಿಂದ ಪೂರೈಕೆಯನ್ನು ಕಟ್ಟುವುದು ಬೇರೆಯೇ ಮಾತು. 50 ಹರ್ಟ್ಸ್ ವಿದ್ಯುತ್ತನ್ನು ಪೂರ್ಣತರಂಗ ರೀತಿಯಲ್ಲಿ ಏಕಮುಖಗೊಳಿಸಿದಾಗ 100 ಹರ್ಟ್ಸ್ ಅಲೆ ಉಳಿಯುತ್ತದೆ. 1,000 ಮೈಕ್ರೊಫ್ಯಾರಡ್ ಧಾರಕದಿಂದ 50 ಮಿಲಿಆಂಪಿಯರ್ ಎಳೆದರೆ ಆ ಅಲೆ ಅರ್ಧ ವೋಲ್ಟಿನಷ್ಟಿದ್ದು, ವರ್ಧಕಕ್ಕೆ ದಾಟಿದ ಪಾಲು ‘ಗುಂಯ್’ ಎಂದು ಕೇಳಿಸುತ್ತದೆ. ಅದನ್ನು ಅಡಗಿಸಲು ವೋಲ್ಟೇಜು ನಿಯಂತ್ರಕ ಬೇಕು. ಅದಕ್ಕಿಂತ ದೊಡ್ಡ ಮಾತೆಂದರೆ 230 ವೋಲ್ಟ್ ಪ್ರಾಣಕ್ಕೇ ಅಪಾಯ. ಮೊದಲ ಪ್ರಯತ್ನ ಬ್ಯಾಟರಿಯಿಂದಲೇ ಆಗಲಿ.

ಕಟ್ಟಿ ಮುಗಿಸಿದೊಡನೆ ಹೆಡ್‌ಫೋನನ್ನು ಸಿಕ್ಕಿಸಬಾರದು. ಮಲ್ಟಿಮೀಟರಿನಿಂದ ಗ್ರೌಂಡಿಗೂ ಎರಡು ತುದಿಗಳಿಗೂ ನಡುವಣ ವೋಲ್ಟೇಜನ್ನು ಅಳೆಯಬೇಕು, ಎರಡೂ ಸಮವಾಗಿರಬೇಕು. ಅನಂತರ ಪ್ರತಿಯೊಂದು ಹೊರದಾರಿಯ ಏಕಮುಖ ವೋಲ್ಟೇಜನ್ನು ನೋಡಬೇಕು. ಅದು ಕೆಲವೇ ಮಿಲಿವೋಲ್ಟ್ ಇದ್ದರೆ ಸರಿ. 20ನ್ನು ಮೀರಿದರೆ ಜೋಡಣೆಯನ್ನು ಮತ್ತೆ ಪರೀಕ್ಷಿಸಬೇಕು.

ಕಡೆಯದಾಗಿ, ಕೇಳುವಾಗ ಧ್ವನಿಯನ್ನು ಕನಿಷ್ಠದಿಂದಲೇ ಏರಿಸುತ್ತ ಹೋಗಬೇಕು. ವಾರಕ್ಕೆ 40 ಗಂಟೆ ಕೇಳುವ ವಯಸ್ಕರಿಗೆ 80 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೆಟ್ಟ ಆಪ್‌ಆಂಪನ್ನು ಬದಲಾಯಿಸಬಹುದು. ಅತಿಯಾದ ಶಬ್ದದಿಂದ ನಾಶವಾದ ಒಳಕಿವಿಯ ರೋಮಕೋಶಗಳು ಮತ್ತೆ ಬೆಳೆಯುವುದಿಲ್ಲ.