ನುಡಿಸದ ಷಡ್ಜ ಮೊಳಗಿತು!

ಸಾಮಾನ್ಯ ಶ್ರುತಿಯಲ್ಲಿರುವ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅದಕ್ಕಿಂತ ಕೆಳಗಿನ ಸ್ವರ ಆ ವಾದ್ಯದಲ್ಲೇ ಇಲ್ಲ. ಆದರೆ ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ, ಸ್ಪೆಕ್ಟ್ರಮ್ ನಕ್ಷೆಯಲ್ಲಿ, 55 ಹರ್ಟ್ಸ್ ಇರುವ ಜಾಗದಲ್ಲಿ ಒಂದು ಶಿಖರ ಎದ್ದು ನಿಂತಿದೆ! ನಾನು ನುಡಿಸಿದ್ದು ಎರಡೇ ಸ್ವರ: 110 ಮತ್ತು ಸುಮಾರು 165. ಹೆಡ್‌ಫೋನಿನಲ್ಲೋ, ಬೇಸ್ ಗಿಟಾರ್ ಬಂದು ಜೊತೆಗೂಡಿದಂಥ ಮಂದ್ರ. ಅದನ್ನು ಯಾರೂ ಮೀಟಿಲ್ಲ. ಡಿಸ್ಟಾರ್ಷನ್ ಅದನ್ನು ಹುಟ್ಟಿಸಿದೆ!

ಡಿಸ್ಟಾರ್ಷನ್ ಎಂದರೆ ಗದ್ದಲ ಬೆರೆಸುವುದು ಎಂದುಕೊಂಡವರೇ ಹೆಚ್ಚು. ಅಲ್ಲವೇ ಅಲ್ಲ. ಅದು ಮಾಡುವುದು ಕತ್ತರಿಸುವ ಕೆಲಸ. ಅಲೆಯ ಮೇಲೊಂದು, ಕೆಳಗೊಂದು ಗೆರೆ ಎಳೆದು, ಗೆರೆ ದಾಟಿದ್ದನ್ನೆಲ್ಲ ಚಪ್ಪಟೆ ಮಾಡುತ್ತದೆ, ಅಷ್ಟೇ. ಕತ್ತರಿಸಿದರೆ ಕಡಿಮೆಯಾಗಬೇಕಲ್ಲವೇ? ಇಲ್ಲಿ ಹೆಚ್ಚುತ್ತದೆ! 110 ಹರ್ಟ್ಸಿನ ಒಂದೇ ಒಂದು ಶುದ್ಧ ಸ್ವರವನ್ನು ಎರಡೂ ಕಡೆ ಸಮವಾಗಿ ಕತ್ತರಿಸಿ ನೋಡಿ. 330, 550, 770 ಎಂದು ಬೆಸ ಗುಣಕಗಳೆಲ್ಲ ಸಾಲಾಗಿ ಮೇಲೇಳುತ್ತವೆ. 110 ನಿಮ್ಮ ಷಡ್ಜವಾದರೆ 330 ಪಂಚಮ, 550 ಅಂತರ ಗಾಂಧಾರ! ತಂಬೂರಿಯ ಜೊತೆ ಬೆಳೆದವರಿಗೆ ಮೈ ಜುಮ್ಮೆನ್ನದೆ ಇದ್ದೀತೇ? ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ನೂಲಿನ ಎಳೆಯನ್ನು ಸರಿಸುತ್ತ ಹೋದರೆ ಒಂದು ಜಾಗದಲ್ಲಿ ತಂತಿ ಝೇಂಕರಿಸುತ್ತದೆ, ಯಾರೂ ಮೀಟದ ಗಾಂಧಾರ ಕೇಳತೊಡಗುತ್ತದೆ. ನಮ್ಮವರು ಅದನ್ನು ಸ್ವಯಂಭೂ ಗಾಂಧಾರ ಎಂದರು. ಅಲ್ಲಿ ಕುದುರೆಗೆ ತಾಗುವ ತಂತಿ, ಇಲ್ಲಿ ವಿದ್ಯುತ್ತಿನ ಮಿತಿ. ಎರಡರಲ್ಲೂ ಅಲೆಗೆ ಅಡ್ಡಿಯಾಯಿತು, ಸ್ವರ ಹುಟ್ಟಿತು.

ಇನ್ನೊಂದು ಅಚ್ಚರಿ: ಈ ನಾದವನ್ನು ಲೋಕಕ್ಕೆ ತಲುಪಿಸಿದ್ದರಲ್ಲಿ ಕೆಟ್ಟುಹೋದ ಯಂತ್ರಗಳ ಪಾಲು ದೊಡ್ಡದು! 1951ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ‘ರಾಕೆಟ್ 88’ ಹಾಡಿನ ಧ್ವನಿಮುದ್ರಣಕ್ಕೆ ಬಂದ ಗಿಟಾರಿಸ್ಟ್ ವಿಲ್ಲಿ ಕಿಜಾರ್ಟ್ ಅವರ ಆಂಪ್ ದಾರಿಯಲ್ಲಿ ಪೆಟ್ಟು ತಿಂದಿತ್ತು. ಸ್ಪೀಕರಿಗೆ ಕಾಗದ ತುರುಕಿದರು; ಆ ಒರಟು ದನಿಯನ್ನೇ ಸ್ಟುಡಿಯೋದ ಒಡೆಯ ಸ್ಯಾಮ್ ಫಿಲಿಪ್ಸ್ ಉಳಿಸಿಕೊಂಡರು. ಸುಮಾರು ಹತ್ತು ವರ್ಷದ ನಂತರ ಗಾಯಕ ಮಾರ್ಟಿ ರಾಬಿನ್ಸ್ ಅವರ ಹಾಡೊಂದರಲ್ಲಿ ನ್ಯಾಶ್‌ವಿಲ್ ಸ್ಟುಡಿಯೋದ ಮಿಕ್ಸರಿನ ಒಂದು ಚಾನೆಲ್ ಕೈಕೊಟ್ಟು ಬೇಸ್ ದನಿ ಗುರುಗುಟ್ಟಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ದೋಷವನ್ನೇ ಬೇಕೆಂದಾಗ ಬರಿಸುವ ಸರ್ಕಿಟ್ ಕಟ್ಟಿದರು. ಅದೇ 1962ರ ಮೇಸ್ಟ್ರೋ ಫಝ್-ಟೋನ್ ಪೆಡಲ್. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ‘ಸ್ಯಾಟಿಸ್ಫ್ಯಾಕ್ಷನ್’ ಮೂಲಕ ಅದು ಜಗತ್ತಿನ ಕಿವಿ ತಲುಪಿತು.

ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ನಿಜವಾದ ಪೂರ್ವಜರು ಸಿಗುವುದು 1968ರ ಲಂಡನ್ನಿನಲ್ಲಿ. ಅಬ್ಬೆ ರೋಡಿನ ಸ್ಟುಡಿಯೋದಲ್ಲಿ ಬೀಟಲ್ಸ್ ‘ರೆವಲ್ಯೂಷನ್’ಗಾಗಿ ಗಿಟಾರನ್ನು ಆಂಪಿಗೆ ಕೊಡದೆ ನೇರವಾಗಿ ಮಿಕ್ಸಿಂಗ್ ಕನ್ಸೋಲಿಗೇ ಚುಚ್ಚಿ, ಅದರ ಪ್ರಿಆಂಪ್‌ಗಳು ತಾಳದಷ್ಟು ಮಟ್ಟ ಏರಿಸಿದರು. ಆಂಪ್ ಇಲ್ಲ, ಮೈಕ್ ಇಲ್ಲ! ಇವತ್ತು ನಾವು ಪುಟ್ಟ ಆಡಿಯೋ ಇಂಟರ್ಫೇಸಿಗೆ ಗಿಟಾರ್ ಚುಚ್ಚಿ ಪ್ಲಗಿನ್ ತೆರೆಯುತ್ತೇವಲ್ಲ, ಅದೇ ದಾರಿ.

ಈಗ ನಿಮ್ಮ ಕೈಯಲ್ಲೇ ಆ 55ನ್ನು ಹುಟ್ಟಿಸಿ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಸಾಕು, ಗಿಟಾರ್ ಕೂಡ ಬೇಡ. ಒಂದು ಟ್ರ್ಯಾಕಿನಲ್ಲಿ 110 ಹರ್ಟ್ಸಿನ ಸೈನ್ ಟೋನ್, ಇನ್ನೊಂದರಲ್ಲಿ 165, ಎರಡರ ಮಟ್ಟವೂ 0.4. ಮೊದಲು ಎರಡಕ್ಕೂ ಬೇರೆ ಬೇರೆಯಾಗಿ ಡಿಸ್ಟಾರ್ಷನ್ ಹಾಕಿ, ಆಮೇಲೆ ಬೆರೆಸಿ, ನಕ್ಷೆ ನೋಡಿ. 55 ಇಲ್ಲ. ಹಿಂದಕ್ಕೆ ಹೋಗಿ, ಮೊದಲು ಬೆರೆಸಿ, ಆಮೇಲೆ ಅದೇ ಡಿಸ್ಟಾರ್ಷನ್ ಹಾಕಿ. 55 ಬಂತು! ಸ್ವರಗಳು ಅವೇ, ಪ್ಲಗಿನ್ ಅದೇ, ಬದಲಾದದ್ದು ಕ್ರಮ ಮಾತ್ರ. ಕತ್ತರಿಯ ಕೆಳಗೆ ಒಟ್ಟಿಗೆ ಹಾದುಹೋದ ಸ್ವರಗಳು ಒಂದನ್ನೊಂದು ಕೂಡಿ ಕಳೆದು ಹೊಸ ಸ್ವರಗಳನ್ನು ಹೆರುತ್ತವೆ: 110ರ ಎರಡರಷ್ಟರಲ್ಲಿ 165 ಕಳೆದರೆ 55. ಷಡ್ಜ-ಪಂಚಮ ನುಡಿಸಿದರೆ ಕೆಳಗಿನ ಮಂದ್ರ ಷಡ್ಜ ತಾನಾಗಿ ಕೂಡಿಕೊಳ್ಳುತ್ತದೆ. ರಾಕ್ ಸಂಗೀತದವರು ಪವರ್ ಕಾರ್ಡ್ ಎಂದು ಎರಡೇ ಸ್ವರ ಹಿಡಿದು ಬೆಟ್ಟದಂಥ ದನಿ ತೆಗೆಯುವ ರಹಸ್ಯ ಇದೇ!

ಅಲ್ಲಿಗೆ ಗಾಂಧಾರ ಸೇರಿಸಿದಿರೋ, 110ರ ಜೊತೆ 138.6, ಹುಟ್ಟುವ ಮರಿಗಳಲ್ಲಿ ಹಲವು ಯಾವ ಶ್ರುತಿಗೂ ಹೊಂದವು, ಕಾರ್ಡ್ ಕಲಸಿಹೋಗುತ್ತದೆ. ಪೂರ್ತಿ ಕಾರ್ಡೇ ಬೇಕೆಂದರೆ ಒಂದೊಂದು ಸ್ವರವನ್ನು ಒಂದೊಂದು ಟ್ರ್ಯಾಕಿನಲ್ಲಿ ನುಡಿಸಿ, ಪ್ರತಿ ಟ್ರ್ಯಾಕಿಗೂ ಅದರದೇ ಡಿಸ್ಟಾರ್ಷನ್ ಕೊಡಿ. ಒಂದೇ ಆಂಪಿನಿಂದ ಹೊರಡಲಾರದ, ಸ್ಫಟಿಕದಂಥ ಒರಟು ಕಾರ್ಡ್ ಕೇಳುತ್ತದೆ!

ಪ್ಲಗಿನ್ ಹಾಕಿದೊಡನೆ ದನಿ ಕಿವಿ ಇರಿದರೆ ಹೆದರಬೇಡಿ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಸಿನಿಂದಾಚೆಗೆ ಬಲು ಕಡಿಮೆ ದನಿ ಬಿಡುವ ಜರಡಿ. ಲ್ಯಾಪ್‌ಟಾಪಿನಲ್ಲಿ ಆ ಜರಡಿ ಇಲ್ಲ. ಡಿಸ್ಟಾರ್ಷನ್ನಿನ ನಂತರ ಸ್ಪೀಕರ್ ಕ್ಯಾಬಿನೆಟ್ಟಿನ ಪ್ಲಗಿನ್ ಇಡಿ, ಮುಳ್ಳುಗಳೆಲ್ಲ ಉದುರುತ್ತವೆ. ಡಿಸ್ಟಾರ್ಷನ್ನಿಗೆ ಮುಂಚೆ ಸ್ವಲ್ಪ ಬೇಸ್ ಇಳಿಸಿ, ದಪ್ಪ ತಂತಿಗಳ ಸ್ವರ ಬಿಡಿಬಿಡಿಯಾಗುತ್ತದೆ.

ಒಂದೇ ಒಂದು ಬಿನ್ನಹ. ಗಿಟಾರನ್ನು ಯಾವಾಗಲೂ ಶುದ್ಧವಾಗಿ ರೆಕಾರ್ಡ್ ಮಾಡಿ, ಡಿಸ್ಟಾರ್ಷನ್ ಆಮೇಲೆ ಸೇರಿಸಿ. ಕತ್ತರಿಸಿದ ಅಲೆಯನ್ನು ಇದ್ದಂತೆಯೇ ಮರಳಿ ಪಡೆಯಲು ಆಗದು. ಶುದ್ಧ ಟ್ರ್ಯಾಕ್ ಇದ್ದರೆ ಅದೇ ಒಂದು ನುಡಿಸಾಣಿಕೆಯಿಂದ ನೂರು ದನಿಗಳನ್ನು ಹೊರಡಿಸಬಹುದು.