ಕೀಲಿಮಣೆಯ ಮೇಲೆ ಷಡ್ಜವನ್ನು ಹುಡುಕುವ ಬಗೆ

ಹಾರ್ಮೋನಿಯಂ ಮುಂದೆ ಮೊದಲ ಸಲ ಕುಳಿತ ಆರೇಳು ವರ್ಷದ ಮಗುವಿಗೆ ಕೀಲಿಗಳೆಲ್ಲ ಒಂದೇ ತೆರನಾಗಿ ಕಾಣುತ್ತವೆ. ಸ್ವರಗಳ ಗುರುತು ಹಿಡಿಸಲು ಅನೇಕ ಶಿಕ್ಷಕರು ಕೈಕೊಳ್ಳುವ ಸುಲಭೋಪಾಯವೆಂದರೆ, ಬಿಳಿಯ ಕೀಲಿಗಳ ಮೇಲೆ ಸ, ರಿ, ಗ, ಮ ಎಂದು ಬರೆದ ಕಾಗದದ ಚೂರುಗಳನ್ನು ಅಂಟಿಸುವುದು. ಕೆಲವೇ ದಿನಗಳಲ್ಲಿ ಮಗು ಸರಳ ಅಲಂಕಾರಗಳನ್ನು ನುಡಿಸತೊಡಗುತ್ತದೆ, ತಂದೆತಾಯಿಗಳಿಗೂ ಸಂತೋಷವಾಗುತ್ತದೆ. ಆದರೆ ಕಾಗದವನ್ನು ಕಿತ್ತ ದಿನ ಬೆರಳು ದಾರಿ ತಪ್ಪುತ್ತದೆ. ಅಷ್ಟು ದಿನ ಅಕ್ಷರವನ್ನೇ ನೋಡಿದ ಕಣ್ಣು ಕೀಲಿಯನ್ನು ನೋಡಿಯೇ ಇರುವುದಿಲ್ಲ.

ಈ ಕೀಲಿಮಣೆ ಯುರೋಪಿನಿಂದ ಬಂದುದು. ಪಿಯಾನೋದಲ್ಲಿ ಸಾಮಾನ್ಯವಾಗಿ 88 ಕೀಲಿಗಳು: ಬಿಳಿಯವು 52, ಕಪ್ಪಿನವು 36. ನಮ್ಮ ಹಾರ್ಮೋನಿಯಂಗೆ ಮೂರು ಅಥವಾ ಮೂರೂವರೆ ಸಪ್ತಕಗಳೇ ಸಾಕಾಗಿವೆ. ಎರಡರಲ್ಲಿಯೂ ಜೋಡಣೆ ಒಂದೇ. ಸಪ್ತಕಕ್ಕೆ ಏಳು ಬಿಳಿ, ಐದು ಕಪ್ಪು. ಆ ಐದರಲ್ಲಿ ಎರಡು ಒಂದು ಗುಂಪು, ಮೂರು ಇನ್ನೊಂದು ಗುಂಪು. ಪಾಶ್ಚಾತ್ಯ ದೇಶಗಳ ಪಿಯಾನೋ ಶಿಕ್ಷಕರು ಹೆಸರು ಹೇಳುವ ಮುನ್ನ ಮಗುವಿನಿಂದ ಈ ಜೋಡಿಗಳನ್ನೂ ತ್ರಿವಳಿಗಳನ್ನೂ ಹುಡುಕಿಸುವುದುಂಟು. ಜೋಡಿಯ ಎಡಕ್ಕೆ ಒತ್ತಿಕೊಂಡ ಬಿಳಿಯದು ‘ಸಿ’, ಜೋಡಿಯ ನಡುವಿನದು ‘ಡಿ’, ತ್ರಿವಳಿಯ ಎಡಕ್ಕಿರುವುದು ‘ಎಫ್’. ಇಷ್ಟು ತಿಳಿದರೆ ಉಳಿದವನ್ನು ಮಗು ತಾನೇ ಎಣಿಸಿಕೊಳ್ಳುತ್ತದೆ.

ಕಪ್ಪು ಕೀಲಿಗಳು ಮೇಲೆದ್ದಿರುವುದರಿಂದ ಈ ಗುರುತು ಕಣ್ಣಿಗಿಂತ ಬೆರಳಿಗೆ ಹತ್ತಿರವಾದುದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರು ಕಲಿತ ವಿದ್ಯೆಗೆ ಕಾಗದದ ಅಕ್ಷರಗಳಿಂದ ಏನು ಪ್ರಯೋಜನವಾದೀತು? ಸ್ವತಃ ಅಂಧರಾಗಿದ್ದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಹಾರ್ಮೋನಿಯಂ ವಾದನದಲ್ಲಿಯೂ ಪಳಗಿದವರಾಗಿದ್ದರು.

ನಮ್ಮ ಸಂಗೀತಕ್ಕೆ ಬಂದಾಗ ಇನ್ನೊಂದು ತೊಡಕುಂಟು. ‘ಸಿ’ ಎಂದಿಗೂ ‘ಸಿ’ಯೇ; ಷಡ್ಜಕ್ಕಾದರೋ ನೆಲೆಯಾದ ಮನೆಯಿಲ್ಲ. ಹಾಡುವವರ ಕಂಠಕ್ಕೆ ಒಪ್ಪುವ ಕೀಲಿಯೇ ಷಡ್ಜ. ಆದ್ದರಿಂದಲೇ ಹಿಂದೂಸ್ತಾನಿ ಗಾಯಕರು ‘ಕಾಳಿ ಏಕ್’ ಎನ್ನುತ್ತಾರೆ. ಕನ್ನಡದಲ್ಲಿ ಅದು ‘ಕಪ್ಪು ಒಂದು’. ‘ಬಿಳಿ ಒಂದು’ ಷಡ್ಜವಾದರೆ ಶುದ್ಧ ಸ್ವರಗಳೆಲ್ಲ ಬಿಳಿಯ ಮೇಲೆಯೇ ಸಾಗುತ್ತವೆ. ಷಡ್ಜವನ್ನು ‘ಕಪ್ಪು ಒಂದ’ಕ್ಕೆ ಸರಿಸಿದೊಡನೆ ಚಿತ್ರವೇ ಬದಲಾಗುತ್ತದೆ: ಷಡ್ಜ, ಋಷಭ, ಮಧ್ಯಮ, ಪಂಚಮ, ಧೈವತಗಳು ಐದೂ ಕಪ್ಪು ಕೀಲಿಗಳನ್ನು ಆಕ್ರಮಿಸುತ್ತವೆ, ಗಾಂಧಾರ, ನಿಷಾದಗಳು ಮಾತ್ರ ಬಿಳಿಯಲ್ಲಿ ಉಳಿಯುತ್ತವೆ. ಅಂಟಿಸಿದ ಅಕ್ಷರಗಳು ಇಲ್ಲಿ ಸುಳ್ಳು ಹೇಳುತ್ತವೆ. ಕಾಗದವನ್ನೇ ನಂಬಿದ ತರಗತಿಯಲ್ಲಿ ಎಲ್ಲ ಮಕ್ಕಳೂ ‘ಬಿಳಿ ಒಂದ’ರಲ್ಲಿಯೇ ಹಾಡಬೇಕಾಗುತ್ತದೆ. ಆ ಶ್ರುತಿ ಹೊಂದದ ಮಗು ತಾರಸ್ಥಾಯಿಯಲ್ಲಿ ಕಿರುಚುತ್ತದೆ, ಇಲ್ಲವೆ ಮಂದ್ರದಲ್ಲಿ ದನಿಯೇ ಹೊರಡದೆ ಸುಮ್ಮನಾಗುತ್ತದೆ. ಅದಕ್ಕೆ ಸಂಗೀತ ಬಾರದೆಂದು ಹಿರಿಯರು ತೀರ್ಮಾನಿಸಿಬಿಡುತ್ತಾರೆ. ಇದು ಅನ್ಯಾಯ.

ಆದಕಾರಣ ಕೀಲಿಗೆ ‘ಬಿಳಿ ಒಂದು’, ‘ಕಪ್ಪು ಮೂರು’ ಎಂಬ ಸ್ಥಾನದ ಹೆಸರನ್ನೂ, ಕಂಠಕ್ಕೆ ಸ ರಿ ಗ ಮಗಳನ್ನೂ ಬೇರೆಬೇರೆಯಾಗಿ ಕಲಿಸುವುದು ಮೇಲು. ಮೊದಲು ಮಗು ಹಾಡಲಿ. ಅದರ ದನಿಗೆ ಹೊಂದುವ ಕೀಲಿಯನ್ನು ಶಿಕ್ಷಕರು ಹುಡುಕಿಕೊಡಲಿ. ಗುರುತು ಬೇಕೇಬೇಕೆಂದರೆ ಷಡ್ಜವೊಂದಕ್ಕೆ ಸೀಮೆಸುಣ್ಣದ ಚುಕ್ಕೆಯಿಟ್ಟು ಆಗಾಗ ಒರೆಸಿ ಬೇರೆಡೆ ಇಡಬಹುದು. ಷಡ್ಜವನ್ನು ಒಂದೆಂದು ಹಿಡಿದು ಕಪ್ಪು–ಬಿಳಿಗಳನ್ನು ಬಿಡದೆ ಎಣಿಸಿದರೆ ಎಂಟನೆಯದು ಪಂಚಮ, ಹದಿಮೂರನೆಯದು ತಾರ ಷಡ್ಜ. ಚುಕ್ಕೆ ಎಲ್ಲಿದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಎಣಿಸಲು ಬಲ್ಲ ಮಕ್ಕಳು ಇದನ್ನು ಆಟವೆಂದೇ ಆಡುತ್ತಾರೆ.