ಬಿಎಫ್‌ಸಿ ನಿಮ್ಮ ಊರಿಗೆ ಬಂದಾಗ: ಮ್ಯಾಚ್ ದಿನದ ಪ್ಲಾನ್ ಹೀಗಿರಲಿ

ಮುಂಬೈ, ಚೆನ್ನೈ, ದೆಹಲಿಯಲ್ಲಿರೋ ನಮ್ಮವರು ಕೇಳೋ ಮಾತು ಒಂದೇ: "ಕಂಠೀರವಕ್ಕೆ ಹೋಗೋಕಾಗಲ್ಲ, ಟೀವಿಲೇ ನೋಡ್ಬೇಕಾ?" ಬೇಡ. ಬೆಂಗಳೂರು ಎಫ್‌ಸಿ ಶುರುವಾಗಿದ್ದು 2013ರಲ್ಲಿ. ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಆ ಪ್ರಶಸ್ತಿ ಖಚಿತವಾಗಿದ್ದು ಗೋವಾದ ಫತೋರ್ಡಾದಲ್ಲಿ, ಡೆಂಪೊ ವಿರುದ್ಧ. 2019ರ ಐಎಸ್‌ಎಲ್ ಕಪ್ ಎತ್ತಿದ್ದು ಮುಂಬೈನಲ್ಲಿ. ಅಂದ್ರೆ ಇವೆರಡೂ ಸಂಭ್ರಮ ನಡೆದಿದ್ದು ಊರಾಚೆ. ಅಂಥ ದಿನ ಗ್ಯಾಲರಿಯಲ್ಲಿ ಕನ್ನಡದ ಕೂಗು ಕೇಳಿಸಬೇಕಂದ್ರೆ ಹೊರಗಿರೋ ನಾವೇ ಹೋಗ್ಬೇಕು.

ಮೊದಲು ದಿನಾಂಕ, ಆಮೇಲೆ ಟಿಕೆಟ್. ನಮ್ಮಲ್ಲಿ ವೇಳಾಪಟ್ಟಿ ಬದಲಾಗೋದು ಮಾಮೂಲಿ. ಆದ್ದರಿಂದ ಕ್ಯಾನ್ಸಲ್ ಮಾಡಬಹುದಾದ ರೈಲು ಟಿಕೆಟನ್ನೇ ತಗೊಳ್ಳಿ. ರಜೆ ಹಾಕೋದಿದ್ರೆ ಮ್ಯಾಚ್ ದಿನಕ್ಕಲ್ಲ, ಮಾರನೇ ದಿನಕ್ಕೆ ಹಾಕಿ.

ವಾಪಸ್ ಬರೋ ಲೆಕ್ಕ. ಎಲ್ಲರೂ ಎಡವೋದು ಇಲ್ಲೇ. ಸಂಜೆ 7:30ಕ್ಕೆ ಆಟ ಶುರುವಾದ್ರೆ ಮುಗಿಯೋದು ಸುಮಾರು 9:30ಕ್ಕೆ. ಗೇಟು ದಾಟಿ ಹೊರಗೆ ಬರೋಕೆ ಇನ್ನೂ ಅರ್ಧ ಗಂಟೆ ಇಟ್ಕೊಳ್ಳಿ. ನಾಕೌಟ್ ಆದ್ರೆ ಮತ್ತೊಂದು ಗಂಟೆ ಸೇರಿಸಿ. 2019, 2023, 2025ರಲ್ಲಿ ಬಿಎಫ್‌ಸಿ ಆಡಿದ ಮೂರೂ ಐಎಸ್‌ಎಲ್ ಫೈನಲ್ 90 ನಿಮಿಷಕ್ಕೆ ಮುಗಿಯಲಿಲ್ಲ. ಮುಂಬೈನಲ್ಲಿ ರಾಹುಲ್ ಭೆಕೆ ತಲೆಯಿಂದ ಗೋಲು ಹೊಡೆದದ್ದು ಹೆಚ್ಚುವರಿ ಸಮಯದ ಕೊನೇ ನಿಮಿಷಗಳಲ್ಲಿ. ಟ್ರೈನ್ ತಪ್ಪತ್ತೆ ಅಂತ 90ಕ್ಕೇ ಎದ್ದು ಹೊರಟವರಿಗೆ ಏನು ಸಿಕ್ಕಿರತ್ತೆ ಹೇಳಿ!

ತಲುಪೋದು ಹೇಗೆ? ಮುಂಬೈ ಅರೆನಾಗೆ ಘಾಟ್ಕೋಪರ್–ವರ್ಸೋವಾ ಮೆಟ್ರೋದಲ್ಲಿ ಬಂದು ಆಜಾದ್ ನಗರದಲ್ಲಿ ಇಳಿದರೆ ಹತ್ತಿರ. ಚೆನ್ನೈನ ನೆಹರು ಸ್ಟೇಡಿಯಂ ಸೆಂಟ್ರಲ್ ಸ್ಟೇಷನ್ ಪಕ್ಕದಲ್ಲೇ ಇದೆ. ಕೊಚ್ಚಿಯಲ್ಲಿ ಮೆಟ್ರೋ ನಿಲ್ದಾಣಕ್ಕೇ ಸ್ಟೇಡಿಯಂ ಹೆಸರು. ಪುಣೆ, ಮುಂಬೈನವರು ಗೋವಾಕ್ಕೆ ಹೋಗೋದಾದ್ರೆ ಮಡಗಾಂವ್‌ನಲ್ಲಿ ಇಳೀರಿ, ಫತೋರ್ಡಾ ಆ ಊರಲ್ಲೇ ಇದೆ.

ಯಾವ ಸ್ಟ್ಯಾಂಡ್? ಹೊರಗಿನ ತಂಡದ ಅಭಿಮಾನಿಗಳಿಗೆ ಬೇರೆ ಜಾಗ ಇಟ್ಟಿದ್ದಾರಾ ಅಂತ ನೋಡಿಯೇ ಬುಕ್ ಮಾಡಿ. ಬೆಂಗಳೂರಿನ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗ ಬರ್ತಿದ್ರೆ ಅವರ ಜೊತೆ ಕೂತ್ಕೊಳ್ಳೋದು ಒಳ್ಳೇದು. ಚೆನ್ನೈಯಿನ್ ಜೆರ್ಸಿಯೂ ನೀಲಿ, ಮುಂಬೈದು ತಿಳಿನೀಲಿ. ಅಲ್ಲಿ ನಿಮ್ಮ ನೀಲಿ ಬೆರೆತುಹೋಗತ್ತೆ. ಕೊಚ್ಚಿಯಲ್ಲಿ ಹಾಗಲ್ಲ, ಸುತ್ತ ಎಲ್ಲಾ ಹಳದಿ. 2023ರ ಮಾರ್ಚ್‌ನಲ್ಲಿ ಛೆಟ್ರಿ ಹೊಡೆದ ಫ್ರೀಕಿಕ್ ಒಪ್ಪದೆ ಕೇರಳ ತಂಡ ಮೈದಾನ ಬಿಟ್ಟು ನಡೆದದ್ದನ್ನ ಅಲ್ಲಿ ಯಾರೂ ಮರೆತಿಲ್ಲ. ಮಕ್ಕಳ ಜೊತೆ ಹೋಗಿ ಸಾಮಾನ್ಯ ಸ್ಟ್ಯಾಂಡ್‌ನಲ್ಲಿ ಕೂರೋದಾದ್ರೆ ಜೆರ್ಸಿ ಬ್ಯಾಗಲ್ಲೇ ಇರಲಿ.

ಇನ್ನು ನೀರಿನ ಬಾಟ್ಲಿ, ಪವರ್ ಬ್ಯಾಂಕ್ ಗೇಟಲ್ಲೇ ನಿಲ್ಲಿಸಬಹುದು. ಹೊಟ್ಟೆ ತುಂಬ ತಿಂದ್ಕೊಂಡು, ಕೈ ಬೀಸ್ಕೊಂಡು ಹೋಗಿ. ಆಫೀಸಲ್ಲಿರೋ ಇನ್ನಿಬ್ಬರು ಕನ್ನಡದವರನ್ನೂ ಕರ್ಕೊಂಡು ಹೋಗಿ. ಸೋತರೂ ವಾಪಸ್ ದಾರಿಲಿ ಮಾತಾಡೋಕೆ ಜೊತೆ ಇರತ್ತೆ. ಮುಂದಿನ ವಿಡಿಯೋದಲ್ಲಿ ಸಿಗೋಣ.